ಹೊಟ್ಟೆಯ ಪೊರೆ

ದೊಡ್ಡ ಕರುಳಿನ ಕ್ಯಾನ್ಸರ್ ಹೊಟ್ಟೆಯೊಳಗೆಲ್ಲ ಹರಡಿದಾಗ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಮನೆಗಳಲ್ಲಿ ಹುಟ್ಟುವ ಮಾತು ಸಾಮಾನ್ಯವಾಗಿ ಒಂದೇ: “ಹೊಟ್ಟ್ಯಾಗ ನೀರು ತುಂಬ್ಯಾದ.” ಅದೇ ಮನೆಯವರ ಕೈಯಲ್ಲಿರುವ ಸ್ಕ್ಯಾನ್ ವರದಿಯಲ್ಲಿ ‘ಪೆರಿಟೋನಿಯಲ್ ಮೆಟಾಸ್ಟಾಸಿಸ್’ ಎಂದು ಬರೆದಿರುತ್ತದೆ. ಇವೆರಡಕ್ಕೂ ನಡುವೆ ದೊಡ್ಡ ಕಂದಕವಿದೆ. ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿದೆ, ಕರುಳಿನ ಗಡ್ಡೆಗೂ ಅದಕ್ಕೂ ಏನು ನಂಟು ಎಂಬುದನ್ನು ಮೊದಲ ಮಾತು ಹೇಳುವುದಿಲ್ಲ. ಎರಡನೆಯದು ಹೇಳುತ್ತದೆ, ಆದರೆ ಕೇಳುವವರಿಗೆ ತಿಳಿಯುವುದಿಲ್ಲ. ಆ ಕಂದಕಕ್ಕೆ ಸೇತುವೆಯಾಗಬಲ್ಲ ಪದವೊಂದು ಕನ್ನಡದಲ್ಲಿ ಬಹಳ ಹಿಂದಿನಿಂದಲೂ ಇದೆ. ಅದು ‘ಪೊರೆ’.

ಪೊರೆ ಎಂದರೆ ತೆಳುವಾಗಿ ಹರಡಿ ಮುಚ್ಚಿಕೊಂಡಿರುವಂಥದ್ದು. ಹಾವು ಬಿಟ್ಟುಹೋಗುವ ತೊಗಲು ಪೊರೆ. ವಯಸ್ಸಾದವರ ಕಣ್ಣಿಗೆ ಬರುವುದು ಪೊರೆ. ಇದಕ್ಕೆ ‘ಪರೆ’ ಎಂಬ ಇನ್ನೊಂದು ರೂಪವೂ ಉಂಟು. ಪದದ ಕೊನೆಯ ಎಕಾರ ಇಕಾರವಾಗುವ ರಾಯಚೂರು ಸೀಮೆಯ ಬಾಯಲ್ಲಿ ಅದು ‘ಪರಿ’ ಆಗುತ್ತದೆ. ಆಸ್ಪತ್ರೆಯ ಫಲಕದಲ್ಲಿ ‘ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ’ ಎಂದು ಬರೆದದ್ದನ್ನು ಓದಲು ಬಾರದವರಿಗೂ ಪೊರೆ ಎಂದರೇನೆಂದು ಗೊತ್ತು. ತಿಳಿವಳಿಕೆ ಬಂತು ಎನ್ನಲು ‘ಕಣ್ಣಿನ ಪೊರೆ ಕಳಚಿತು’ ಎನ್ನುವ ಮಾತೂ ಬಳಕೆಯಲ್ಲಿದೆ. ಕಣ್ಣಿಗೆ ಕಾಣುವ ವಸ್ತುವಿನಿಂದ ಕಾಣದ ಭಾವದವರೆಗೆ ಪದ ಹೀಗೆ ಸಾಗಿಬಂದಿದೆ.

ಇದರ ಬಳಗ ದೊಡ್ಡದು. ತೆಲುಗಿನಲ್ಲಿ ಇದು ‘ಪೊರ’. ತಮಿಳಿನಲ್ಲಿ ಕಣ್ಣಿನ ಪೊರೆಗೆ ‘ಕಣ್‌ಪುರೈ’ ಎನ್ನುತ್ತಾರೆ. ತಮಿಳಿನ ಉಕಾರ ಕನ್ನಡದಲ್ಲಿ ಒಕಾರವಾಗುವುದು ಆಕಸ್ಮಿಕವಲ್ಲ, ಅದಕ್ಕೊಂದು ನಿಯಮವಿದೆ. ಅಲ್ಲಿಯ ಪುಗೈ ಇಲ್ಲಿ ಹೊಗೆ, ಅಲ್ಲಿಯ ಕುಡೈ ಇಲ್ಲಿ ಕೊಡೆ. ಪುರೈ ಪೊರೆಯಾದದ್ದೂ ಅದೇ ದಾರಿಯಲ್ಲಿ. ಮೂರು ಭಾಷೆಗಳೂ ಹಂಚಿಕೊಂಡ ಪದವಾದ್ದರಿಂದ ಅದರ ಹುಟ್ಟು ಕನ್ನಡದ ಮೊದಲ ಶಾಸನಕ್ಕಿಂತಲೂ ಹಿಂದಿನದು. ರಾಯಚೂರಿನಿಂದ ಕರ್ನೂಲಿಗೋ ಹೈದರಾಬಾದಿಗೋ ಚಿಕಿತ್ಸೆಗೆ ಹೋಗುವ ಕನ್ನಡಿಗರಿಗೆ ಇದರಿಂದ ಇನ್ನೊಂದು ಅನುಕೂಲವಿದೆ. ಅಲ್ಲಿಯ ತೆಲುಗು ವೈದ್ಯರು ‘ಪೊರ’ ಎಂದರೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪದಗಳ ವಯಸ್ಸನ್ನು ಬಲ್ಲ ನೆಲ ಈ ಸೀಮೆಯದು. 1915ರಲ್ಲಿ ಚಿನ್ನದ ಹುಡುಕಾಟದಲ್ಲಿದ್ದ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯೊಂದರ ಮೇಲೆ ಬ್ರಾಹ್ಮಿ ಬರಹವನ್ನು ಕಂಡರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇದ್ದ ಆ ಪ್ರಾಕೃತ ಶಾಸನ, ಬಿರುದಿನ ಹಿಂದಿದ್ದ ಅರಸ ಯಾರೆಂಬುದನ್ನು ಖಚಿತಪಡಿಸಿತು. ಅದೇ ಊರಿನ ಹನ್ನೊಂದನೆಯ ಶತಮಾನದ ಕನ್ನಡ ಶಾಸನ ಊರನ್ನು ‘ಪಿರಿಯ ಮೊಸಂಗಿ’ ಎಂದು ಕರೆಯುತ್ತದೆ. ಇಂದು ಬರೆಯುವುದಾದರೆ ‘ಹಿರಿಯ’ ಎನ್ನುತ್ತಿದ್ದೆವು. ಪದದ ಮೊದಲಿನ ಪಕಾರ ಹಕಾರವಾಗುವ ಬದಲಾವಣೆ ಹತ್ತನೆಯ ಶತಮಾನದ ಸುಮಾರಿಗೆ ತಲೆದೋರಿ, ಹದಿನಾಲ್ಕರ ಹೊತ್ತಿಗೆ ಬಹುಮಟ್ಟಿಗೆ ಮುಗಿಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳ ಹಳ್ಳವಾಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದಾಳದಿಂದ ತೆಗೆಯುತ್ತಿದ್ದ ಪೊನ್ ಹೊನ್ನಾಯಿತು. ಪೊಟ್ಟೆಯೂ ಹೊಟ್ಟೆಯಾಯಿತು. ಹೊಟ್ಟೆಯ ಒಳಗಿನ ಪೊರೆ ಮಾತ್ರ ಪೊರೆಯಾಗಿಯೇ ಉಳಿಯಿತು.

ಹೀಗೆ ಉಳಿದದ್ದರ ಹಿಂದೆ ಒಂದೇ ರೀತಿ ಕೇಳಿಸುವ ಮೂರು ಪದಗಳ ಕತೆ ಇದೆ. ಮೊದಲನೆಯದು ತೆಳು ಹೊದಿಕೆ ಎಂಬ ಅರ್ಥದ ಪೊರೆ. ಎರಡನೆಯದು ‘ಸಲಹು, ಕಾಪಾಡು’ ಎಂಬ ಅರ್ಥದ ಕ್ರಿಯಾಪದ ಪೊರೆ. ತಮಿಳಿನ ‘ಪುರ’ ಇದರ ನಂಟ, ಆಶ್ರಯದಾತನಿಗೆ ತಮಿಳರು ‘ಪುರವಲರ್’ ಎನ್ನುವುದು ಅದರಿಂದಲೇ. ಮೂರನೆಯದು ಭಾರ ಎಂಬ ಅರ್ಥದ ‘ಪೊಱೆ’. ಅದರಲ್ಲಿದ್ದದ್ದು ಹಳಗನ್ನಡದ ಶಕಟರೇಫ, ಅಂದರೆ ಒತ್ತಿ ನುಡಿಯುತ್ತಿದ್ದ ಱಕಾರ. ಹೊರು ಎಂಬ ಕ್ರಿಯೆಯ ಹಳೆಯ ರೂಪ ‘ಪೊಱು’, ತಮಿಳಿನಲ್ಲಿ ತಾಳ್ಮೆಗೆ ಹೇಳುವ ‘ಪೊಱುಮೈ’ ಅದರ ಬಳಗ. ಱಕಾರ ಬಳಕೆಯಿಂದ ಜಾರಿ ಸಾಮಾನ್ಯ ರಕಾರದಲ್ಲಿ ಬೆರೆತಾಗ ಮೂರೂ ಪದಗಳು ಕಿವಿಗೆ ಒಂದೇ ಆದವು. ಪಕಾರ ಹಕಾರವಾದ ಮೇಲಂತೂ ಮೂರೂ ‘ಹೊರೆ’ ಆಗಿಬಿಡುವ ಸಂದರ್ಭ ಬಂತು.

ಕನ್ನಡ ಈ ಇಕ್ಕಟ್ಟನ್ನು ಬಿಡಿಸಿಕೊಂಡ ರೀತಿ ಚೆಂದ. ಭಾರಕ್ಕೆ ‘ಹೊರೆ’ ನಿಂತಿತು. ಹುಲ್ಲಿನ ಹೊರೆ, ಸಾಲದ ಹೊರೆ ಎಂದು ಅದು ದಿನಬಳಕೆಯಲ್ಲಿ ಗಟ್ಟಿಯಾಯಿತು. ತೆಳು ಹೊದಿಕೆಗೆ ಹಳೆಯ ಪಕಾರವನ್ನೇ ಬರಹದ ಕನ್ನಡ ಉಳಿಸಿಕೊಂಡಿತು. ಸಲಹುವ ಪೊರೆ ಎರಡು ಕವಲಾಯಿತು. ದೇವರ ಮುಂದೆ ಬೇಡುವಾಗ ಅದು ಪಕಾರದಲ್ಲಿಯೇ ಉಳಿಯಿತು. ರಾಯಚೂರು ಸೀಮೆ ದಾಸಸಾಹಿತ್ಯದ ಎರಡನೆಯ ತವರು. ಮಾನ್ವಿ ಕಡೆಯ ಚೀಕಲಪರವಿಯ ವಿಜಯದಾಸರು (1682–1755), ಬ್ಯಾಗವಾಟದ ಜಗನ್ನಾಥದಾಸರು (1728–1809), ಅವರ ಶಿಷ್ಯರಾದ ಕಸಬಾ ಲಿಂಗಸುಗೂರಿನ ಪ್ರಾಣೇಶದಾಸರು ಹಾಡುಗಳನ್ನು ಕಟ್ಟಿದ್ದು ಈ ನೆಲದಲ್ಲಿ. ದಾಸರ ಪದಗಳನ್ನು ಕೇಳಿ ಬೆಳೆದವರಿಗೆ ‘ಪೊರೆ’ ಎಂದರೆ ‘ಕಾಪಾಡು’ ಎಂದು ಬೇರೆ ಹೇಳಬೇಕಾಗಿಲ್ಲ. ಇತ್ತ ಅಡುಗೆಮನೆ, ಹೊಲಗಳ ಮಾತಿನಲ್ಲಿ ಅದೇ ಕ್ರಿಯಾಪದ ಹಕಾರ ತೊಟ್ಟುಕೊಂಡು ‘ಹೊಟ್ಟೆ ಹೊರೆ’ ಎಂಬ ನುಡಿಗಟ್ಟಿನಲ್ಲಿ ಸೇರಿಕೊಂಡಿತು. ಹೊಟ್ಟೆ ಹೊರೆಯುವುದೆಂದರೆ ದುಡಿದು ಹೊಟ್ಟೆ ತುಂಬಿಸಿಕೊಳ್ಳುವುದು, ಬದುಕುವುದು. ಅಲ್ಲಿರುವುದು ಭಾರದ ಹೊರೆಯೆಂದು ಎಷ್ಟೋ ಜನ ತಿಳಿದಿದ್ದಾರೆ. ನಿಜದಲ್ಲಿ ಅದು ಸಲಹುವ ಪೊರೆ.

ಕಿಟ್ಟೆಲ್ಲರ 1894ರ ನಿಘಂಟು ಈ ಅರ್ಥಗಳನ್ನು ಬೇರೆಬೇರೆ ಪದಗಳಾಗಿಯೇ ಇಡುತ್ತದೆ. ಅದು ಸರಿ. ಆದರೆ ಶತಮಾನಗಳ ಕಾಲ ಒಂದೇ ಉಚ್ಚಾರದಲ್ಲಿ ಬಾಳಿದ ಪದಗಳು ಒಂದರ ನೆರಳನ್ನು ಇನ್ನೊಂದರ ಮೇಲೆ ಬೀಳಿಸುತ್ತವೆ. ಪೊರೆ ಎಂದಾಗ ಮುಚ್ಚಿದ್ದು ಎಂಬುದರ ಜೊತೆಗೆ ಕಾಯುವಂಥದ್ದು ಎಂಬ ಭಾವವೂ ಕನ್ನಡ ಕಿವಿಗೆ ಕೇಳಿಸುತ್ತದೆ.

ಈ ಪದಕ್ಕೆ ನೆರೆಹೊರೆಯವರೂ ಇದ್ದಾರೆ. ಮರಾಠಿಯ ಒಡನಾಟದಲ್ಲಿ ಬಲಗೊಂಡ ‘ಪದರ’, ಫಾರಸಿಯಿಂದ ಉರ್ದುವಿನ ಮೂಲಕ ಬಂದ ‘ಪರದೆ’. ಲಿಂಗಸುಗೂರು ಒಂದು ಕಾಲಕ್ಕೆ ನಿಜಾಮರ ಆಡಳಿತದಲ್ಲಿ ಜಿಲ್ಲಾ ಕೇಂದ್ರವಾಗಿತ್ತು, ಹೈದರಾಬಾದ್ ಕಂಟಿಂಜೆಂಟ್ ಪಡೆಯ ದಂಡೂ ಅಲ್ಲಿತ್ತು. ಆಸ್ಪತ್ರೆಗೆ ಇಂದಿಗೂ ಹಿರಿಯರು ‘ದವಾಖಾನಿ’ ಎನ್ನುವ ಸೀಮೆಯಲ್ಲಿ ಪರದೆ ಪರಕೀಯವಲ್ಲ. ಆದರೂ ಮೂರು ಪದಗಳು ಕೆಲಸವನ್ನು ಹಂಚಿಕೊಂಡಿವೆ. ಎಳೆದು ಸರಿಸಬಹುದಾದದ್ದು ಪರದೆ. ಒಂದರ ಮೇಲೊಂದು ಕುಳಿತದ್ದು ಪದರ. ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಉತ್ಖನನ ನಡೆಸಿ ತಾಮ್ರಶಿಲಾಯುಗದಿಂದ ಮಧ್ಯಯುಗದವರೆಗೆ ನಾಲ್ಕು ಕಾಲಘಟ್ಟಗಳನ್ನು ಗುರುತಿಸಿದ್ದು ಮಣ್ಣಿನ ಪದರಗಳಲ್ಲಿ, ಅವನ್ನು ಯಾರೂ ಪೊರೆ ಎನ್ನುವುದಿಲ್ಲ. ಜೀವಕ್ಕೆ ಅಂಟಿ ಬೆಳೆದದ್ದು, ಜೀವದ ಭಾಗವೇ ಆದದ್ದು ಪೊರೆ. ಶಾಲೆಯ ವಿಜ್ಞಾನ ಪುಸ್ತಕವೂ ಇದೇ ಭೇದವನ್ನು ಪಾಲಿಸಿದೆ: ಆಕಾಶದಲ್ಲಿರುವುದು ಓಝೋನ್ ಪದರ, ಜೀವಕೋಶಕ್ಕಿರುವುದು ಕೋಶಪೊರೆ.

ವೈದ್ಯಕ್ಕೆ ಬಂದರೆ ದಾರಿ ಎರಡಾಗುತ್ತದೆ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಪೊರೆಗೆ ಹತ್ತಿರದ ಪದ ‘ಕಲಾ’. ಸುಶ್ರುತಸಂಹಿತೆ ಏಳು ಕಲೆಗಳನ್ನು ಹೇಳಿ, ಅವು ಧಾತುಗಳಿಗೂ ಆಶಯಗಳಿಗೂ ನಡುವಣ ಎಲ್ಲೆಗಳು ಎನ್ನುತ್ತದೆ. ಕೊಬ್ಬನ್ನು ಹಿಡಿದಿರುವ ಮೇದೋಧರಾ ಕಲೆಯ ಮುಖ್ಯ ನೆಲೆ ಹೊಟ್ಟೆ. ಚರಕಸಂಹಿತೆ ಕೋಷ್ಠದ ಹದಿನೈದು ಅಂಗಗಳನ್ನು ಎಣಿಸುವಾಗ ಸಣ್ಣ ಕರುಳು, ದೊಡ್ಡ ಕರುಳುಗಳ ಜೊತೆಗೆ ‘ವಪಾವಹನ’ವನ್ನೂ ಸೇರಿಸುತ್ತದೆ. ವಪೆ ಎಂದರೆ ಕರುಳಿನ ಮುಂದೆ ಸೆರಗಿನ ಹಾಗೆ ಇಳಿಬಿದ್ದ ಕೊಬ್ಬಿನ ಪೊರೆ. ಹೊಟ್ಟೆಯಲ್ಲಿ ನೀರು ತುಂಬುವುದನ್ನು ಜಲೋದರ, ದಕೋದರ ಎಂದು ಗುರುತಿಸಿ, ಹೊಟ್ಟೆಗೆ ಸಣ್ಣ ತೂತು ಮಾಡಿ ನೀರು ಇಳಿಸುವ ಕ್ರಮವನ್ನೂ ಸುಶ್ರುತ ವಿವರಿಸಿದ್ದಾನೆ. ಒಂದು ಗಡ್ಡೆಯ ಮೇಲೆ ಇನ್ನೊಂದು ಎದ್ದರೆ ಅದು ಅಧ್ಯರ್ಬುದ, ಎರಡು ಜೊತೆಯಾಗಿ ಅಥವಾ ಒಂದಾದ ಮೇಲೊಂದು ಬಂದರೆ ದ್ವಿರರ್ಬುದ, ಅದು ಅಸಾಧ್ಯ ಎಂಬ ಮಾತೂ ಅಲ್ಲಿದೆ. ಗಡ್ಡೆ ಒಂದೆಡೆ ನಿಲ್ಲದೆ ಮರುಹುಟ್ಟು ಪಡೆದರೆ ಅಪಾಯ ಹೆಚ್ಚೆಂಬುದನ್ನು ಆ ವೈದ್ಯರು ರೋಗಿಯ ಮೈಮೇಲೆ ಕಂಡಿದ್ದರು.

ಪಶ್ಚಿಮದ ದಾರಿಯಲ್ಲಿ ಪದ ಹುಟ್ಟಿದ್ದು ಗ್ರೀಕಿನಲ್ಲಿ. ‘ಪೆರಿ’ ಎಂದರೆ ಸುತ್ತ, ‘ತೋನ’ದ ಬೇರು ಎಳೆದು ಬಿಗಿಯುವುದನ್ನು ಹೇಳುತ್ತದೆ. ಸುತ್ತಲೂ ಎಳೆದು ಹಾಸಿದ್ದು ಪೆರಿಟೋನಿಯಂ. ಇದಕ್ಕೆ ಕನ್ನಡದಲ್ಲಿ ‘ಉದರಾವರಣ’ ಎಂಬ ಸಂಸ್ಕೃತ ರಚನೆಯೂ ‘ಉದರಪೊರೆ’ ಎಂಬ ಬೆರಕೆ ರಚನೆಯೂ ಬಂದವು. ಮಿದುಳುಪೊರೆ, ಲೋಳೆಪೊರೆ ಎಂಬ ಪದಗಳು ಈಗಾಗಲೇ ನೆಲೆಯೂರಿವೆ. ಆ ಸಾಲಿಗೆ ಸಲೀಸಾಗಿ ಸೇರುವುದು ಉದರಪೊರೆ. ಇನ್ನೂ ಸರಳವಾಗಿ ‘ಹೊಟ್ಟೆಯ ಒಳಪೊರೆ’ ಎಂದರಂತೂ ನಿಘಂಟೇ ಬೇಡ.

ಈ ಪೊರೆ ಹೊಟ್ಟೆಯ ಗೋಡೆಗೆ ಒಳಗಿನಿಂದ ಅಂಟಿಕೊಂಡು, ಅಲ್ಲಿಂದ ಮಡಚಿ ಹೊರಳಿ ಕರುಳು, ಜಠರ, ಯಕೃತ್ತುಗಳ ಹೊರಮೈಯನ್ನೂ ಸುತ್ತುತ್ತದೆ. ಬಿಡಿಸಿ ಹರಡಿದರೆ ಅದರ ವಿಸ್ತಾರ ಹೆಚ್ಚುಕಡಿಮೆ ಮೈಚರ್ಮದಷ್ಟು. ಗೋಡೆಯ ಪೊರೆಗೂ ಅಂಗದ ಪೊರೆಗೂ ನಡುವೆ ಕೆಲವೇ ಚಮಚದಷ್ಟು ದ್ರವವಿದ್ದು, ಅದರಿಂದಲೇ ಕರುಳು ಉಜ್ಜಿಕೊಳ್ಳದೆ ಜಾರಿ ಆಡುತ್ತದೆ. ಸೋಂಕು ಬಂದರೆ ವಪೆ ಅಲ್ಲಿಗೆ ಸರಿದು ಅಂಟಿ, ಕೀವು ಹೊಟ್ಟೆಯೆಲ್ಲ ಹರಡದಂತೆ ತಡೆಯುತ್ತದೆ. ಮೂತ್ರಪಿಂಡ ಸೋತವರಿಗೆ ಇದೇ ಪೊರೆಯನ್ನು ಸೋಸುವ ಜಾಲರಿಯಾಗಿ ಬಳಸಿ ರಕ್ತದ ಕಲ್ಮಶ ತೆಗೆಯುವ ಡಯಾಲಿಸಿಸ್ ಕೂಡ ಇದೆ. ಹೊದಿಸುವುದು, ಕಾಯುವುದು ಎಂಬ ಪೊರೆಯ ಎರಡು ಅರ್ಥಗಳೂ ಇಲ್ಲಿ ಒಂದೇ ಅಂಗದಲ್ಲಿ ಕೂಡಿವೆ.

ದೊಡ್ಡ ಕರುಳಿನ ಕ್ಯಾನ್ಸರ್ ನಡೆಯುವ ಹಾದಿಯನ್ನು ಇದೇ ಪದದಿಂದ ಪೂರ್ತಿಯಾಗಿ ಹೇಳಬಹುದು. ಕರುಳಿನ ಗೋಡೆಯ ತೀರ ಒಳಮೈ ಲೋಳೆಪೊರೆ. ಅದರ ಹೊರಗೆ ಸಡಿಲ ಅಂಗಾಂಶ, ಅದರಾಚೆ ಸ್ನಾಯು, ಹೆಚ್ಚಿನ ಭಾಗದಲ್ಲಿ ಎಲ್ಲಕ್ಕೂ ಹೊರಗೆ ಉದರಪೊರೆ. ಕ್ಯಾನ್ಸರ್ ಹುಟ್ಟುವುದು ಲೋಳೆಪೊರೆಯಲ್ಲಿ. ಬಹಳ ಸಲ ಸಣ್ಣ ಮೊಗ್ಗಿನಂಥ ಪಾಲಿಪ್ ಆಗಿ ಶುರುವಾಗಿ, ವರ್ಷಗಟ್ಟಲೆ ಅಲ್ಲಿಯೇ ಇದ್ದು, ಆಮೇಲೆ ಗೋಡೆಯನ್ನು ಕೊರೆಯುತ್ತ ಹೊರಗೆ ಬರುತ್ತದೆ. ಉದರಪೊರೆಯನ್ನೂ ಸೀಳಿ ಹೊರಮೈಗೆ ಬಂದರೆ ವೈದ್ಯರು ಅದನ್ನು ‘ಟಿ4ಎ’ ಎನ್ನುತ್ತಾರೆ. ಅಲ್ಲಿಂದ ಉದುರಿದ ಜೀವಕೋಶಗಳು ಹೊಟ್ಟೆಯೊಳಗಿನ ದ್ರವಕ್ಕೆ ಬೀಳುತ್ತವೆ. ಉಸಿರಾಟದಿಂದಲೂ ಕರುಳಿನ ಚಲನೆಯಿಂದಲೂ ಆ ದ್ರವ ಸದಾ ಚಲಿಸುತ್ತಿರುತ್ತದೆ. ಅದು ಮೇಲೆ ಯಕೃತ್ತಿನ ನೆತ್ತಿಯ ಬಳಿಗೂ ಕೆಳಗೆ ಕಿಬ್ಬೊಟ್ಟೆಯ ತಳಕ್ಕೂ ಅವನ್ನು ಒಯ್ಯುತ್ತದೆ. ಹೋದಲ್ಲೆಲ್ಲ ಅವು ಪೊರೆಗೆ ಅಂಟಿ ಅಕ್ಕಿಕಾಳಿನಂಥ ಗಂಟುಗಳಾಗುತ್ತವೆ. ವಪೆಯ ಮೇಲೆ ಅವು ಹೆಚ್ಚು, ಹೆಂಗಸರಲ್ಲಿ ಅಂಡಾಶಯದ ಮೇಲೂ ಬರುತ್ತವೆ. ಯಕೃತ್ತಿಗೆ ಕ್ಯಾನ್ಸರ್ ಹೋಗುವುದು ಮುಖ್ಯವಾಗಿ ರಕ್ತದ ಹಾದಿಯಲ್ಲಿ, ಪೊರೆಗೆ ಬರುವುದು ಗೋಡೆ ದಾಟಿದ ಈ ಹಾದಿಯಲ್ಲಿ. ಒಂದು ಪೊರೆಯಲ್ಲಿ ಹುಟ್ಟಿದ ರೋಗ ಇನ್ನೊಂದು ಪೊರೆಯಲ್ಲಿ ನೆಲೆಸಿತು ಎಂದರೆ ಅರ್ಧಕ್ಕಿಂತ ಹೆಚ್ಚು ಹೇಳಿದಂತಾಯಿತು.

ಹೊಟ್ಟೆಯ ನೀರಿನ ಗುಟ್ಟೂ ಇಲ್ಲಿಯೇ ಇದೆ. ಪೊರೆ ತಾನು ಜಿನುಗಿಸಿದ ದ್ರವವನ್ನು ತಾನೇ ಹೀರಿಕೊಂಡು ಸಮ ಕಾಯುತ್ತದೆ. ಗಂಟುಗಳು ಹೀರುವ ದಾರಿಗಳನ್ನು ಮುಚ್ಚಿ ಜಿನುಗುವುದನ್ನು ಹೆಚ್ಚಿಸಿದಾಗ ನೀರು ನಿಲ್ಲುತ್ತದೆ. ಮನೆಯವರು ಕಾಣುವ ನೀರು ರೋಗದ ಫಲ, ಬೇರು ಪೊರೆಯಲ್ಲಿದೆ. ಇದು ತಿಳಿಯದಿದ್ದಾಗ ನೀರು ತೆಗೆಸಿದರೆ ರೋಗ ವಾಸಿಯಾಯಿತೆಂಬ ಆಸೆ ಹುಟ್ಟುತ್ತದೆ. ಮತ್ತೆ ತುಂಬಿದಾಗ ಕುಟುಂಬ ಕುಸಿಯುತ್ತದೆ, ಇಲ್ಲವೇ ಊರಿಂದೂರಿಗೆ ವೈದ್ಯರನ್ನು ಬದಲಿಸುತ್ತ ಕಾಲವನ್ನೂ ಕಾಸನ್ನೂ ಕಳೆದುಕೊಳ್ಳುತ್ತದೆ.

ಕರುಳಿನ ಕ್ಯಾನ್ಸರ್ ಪತ್ತೆಯಾದವರಲ್ಲಿ ಸುಮಾರು ಶೇಕಡ 5ರಿಂದ 10ರಷ್ಟು ಜನರಿಗೆ ಆ ಹೊತ್ತಿಗಾಗಲೇ ಅದು ಪೊರೆಗೆ ಹರಡಿರುತ್ತದೆ. ಕೆಲವೇ ಮಿಲಿಮೀಟರ್‌ನ ಗಂಟುಗಳು ಸಿಟಿ ಸ್ಕ್ಯಾನಿಗೆ ಸಿಗದೆ ತಪ್ಪಿಸಿಕೊಳ್ಳುತ್ತವೆ. ಹೊಟ್ಟೆಯೊಳಗೆ ದೂರಬೀನು ಹಾಕಿ ನೋಡಿದಾಗ ಕಾಣುವುದುಂಟು. ಚಿಕಿತ್ಸೆಯ ಬೆನ್ನೆಲುಬು ರಕ್ತನಾಳದ ಮೂಲಕ ಕೊಡುವ ಕೀಮೋಥೆರಪಿ. ಆಯ್ದ ಕೆಲವರಲ್ಲಿ ರೋಗ ಹಿಡಿದ ಪೊರೆಯನ್ನೇ ಸುಲಿದು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅಮೆರಿಕದ ಶಸ್ತ್ರವೈದ್ಯ ಪಾಲ್ ಶುಗರ್‌ಬೇಕರ್ 1980ರ ದಶಕದಿಂದ ಇದನ್ನು ಬೆಳೆಸಿದರು. ಸುಲಿದ ಬಳಿಕ 41ರಿಂದ 43 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಕೀಮೋ ದ್ರವವನ್ನು ಹೊಟ್ಟೆಯೊಳಗೆ ಹರಿಸುವ ಕ್ರಮಕ್ಕೆ ‘ಹೈಪೆಕ್’ ಎಂದು ಹೆಸರು. ಫ್ರಾನ್ಸಿನಲ್ಲಿ 265 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೊರೆ ಸುಲಿಯುವ ಶಸ್ತ್ರಚಿಕಿತ್ಸೆಗೆ ಆಕ್ಸಾಲಿಪ್ಲಾಟಿನ್‌ನ ಹೈಪೆಕ್ ಸೇರಿಸಿದ್ದರಿಂದ ಆಯುಷ್ಯ ಹೆಚ್ಚಲಿಲ್ಲ. ಎರಡೂ ಗುಂಪುಗಳ ಮಧ್ಯಾಂಕ ಬದುಕುಳಿವು (ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ) 41 ತಿಂಗಳ ಆಸುಪಾಸಿನಲ್ಲಿತ್ತು. ಅಂದರೆ ಆ ರೋಗಿಗಳಲ್ಲಿ ಹೆಚ್ಚಿನ ಕೆಲಸ ಮಾಡಿದ್ದು ಗಂಟುಗಳನ್ನು ಪೂರ್ತಿ ತೆಗೆದ ಕೈ. ಹೊಲ ಮಾರಿಯಾದರೂ ‘ಬಿಸಿ ಕೀಮೋ’ ಕೊಡಿಸಬೇಕೆನ್ನುವ ಮನೆಯವರಿಗೆ ಈ ಮಾತನ್ನು ಬಿಡಿಸಿ ಹೇಳುವುದು ವೈದ್ಯರ ಋಣ.

ಬಿಡಿಸಿ ಹೇಳಲು ಭಾಷೆ ಬೇಕು, ಹತ್ತಿರದಲ್ಲಿ ಆಸ್ಪತ್ರೆಯೂ ಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರಿನವರು, ಹಟ್ಟಿಯ ಗಣಿಕಾರ್ಮಿಕರು, ಮಸ್ಕಿಯ ಒಣಬೇಸಾಯದವರು ಕ್ಯಾನ್ಸರ್ ಚಿಕಿತ್ಸೆಗಾಗಿ ಊರು ಬಿಡಬೇಕಾಗುತ್ತದೆ. ಕಲಬುರಗಿಯ ಕಿದ್ವಾಯಿ ಕೇಂದ್ರ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಹೈದರಾಬಾದಿನ ಎಂಎನ್‌ಜೆ, ಇಲ್ಲವೇ ಒಂದು ರಾತ್ರಿಯ ಬಸ್ಸಿನಾಚೆಯ ಬೆಂಗಳೂರಿನ ಕಿದ್ವಾಯಿ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ಜನ ಧರಣಿ ಕೂತದ್ದು ಸುಮ್ಮನಲ್ಲ. ಅಷ್ಟು ದೂರ ಹೋಗಿ, ಸಾಲು ನಿಂತು, ವೈದ್ಯರ ಎದುರು ಸಿಗುವ ಹತ್ತು ನಿಮಿಷದಲ್ಲಿ ಕುಟುಂಬಕ್ಕೆ ತಿಳಿಯುವ ಪದವೊಂದು ಸಿಕ್ಕರೆ ಅದರ ಬೆಲೆ ದೊಡ್ಡದು.

ತಡವಾಗುವುದು ಬಹಳ ಸಲ ಊರಲ್ಲಿಯೇ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎನ್ನುತ್ತಾರೆ. ಉಷ್ಣ ಹೆಚ್ಚಾಗಿದೆ ಎಂದು ಮಜ್ಜಿಗೆ ಕುಡಿಸುತ್ತಾರೆ. ಹೊಟ್ಟೆ ಕಟ್ಟುವುದೂ ಸಡಿಲಾಗುವುದೂ ಸರದಿಯಂತೆ ಬಂದರೆ ಊಟದ ಹೆಚ್ಚುಕಡಿಮೆ ಎನ್ನುತ್ತಾರೆ. ಗಂಡಸರಲ್ಲಿ ಕಾರಣ ಕಾಣದ ರಕ್ತಹೀನತೆ ಇದ್ದರೂ ಟಾನಿಕ್ ಸಾಕು ಎಂದುಕೊಳ್ಳುತ್ತಾರೆ. ಮೂಲವ್ಯಾಧಿಯೂ ನಿಜವಿರಬಹುದು, ಊಟದ ದೋಷವೂ ಇರಬಹುದು. ಆದರೆ ಕೆಲವು ವಾರ ಮುಂದುವರಿದರೆ ಕರುಳಿನ ಒಳಗನ್ನು ಕೊಲೊನೋಸ್ಕೋಪಿಯಲ್ಲಿ ನೋಡಿಸಲೇಬೇಕು. ರೋಗ ಲೋಳೆಪೊರೆಯಲ್ಲಿರುವಾಗ ಸಿಕ್ಕರೆ ಪಾಲಿಪ್ ತೆಗೆದು ಮುಗಿಸಬಹುದಾದ ಕೆಲಸ, ಉದರಪೊರೆಗೆ ಹೋದ ಮೇಲೆ ಬದುಕಿನ ದೊಡ್ಡ ಹೋರಾಟವಾಗುತ್ತದೆ.

ಪೊರೆ ಎಂಬ ಪದವನ್ನು ಹೊಸದಾಗಿ ಕಟ್ಟಬೇಕಾಗಿಲ್ಲ, ಕಲಿಸಬೇಕಾಗಿಯೂ ಇಲ್ಲ. ಕಣ್ಣಿನ ಆಸ್ಪತ್ರೆ ಅದನ್ನು ಮನೆಮನೆಗೆ ಮುಟ್ಟಿಸಿ ಆಗಿದೆ. ಕ್ಯಾನ್ಸರ್ ವಿಭಾಗ ಅದನ್ನು ಕೈಗೆತ್ತಿಕೊಂಡರೆ ಸಾಕು. ಸ್ಕ್ಯಾನ್ ವರದಿಯ ಕೊನೆಗೆ ಕನ್ನಡದಲ್ಲಿ ಎರಡು ಸಾಲು, ವೈದ್ಯರು ಕಾಗದದ ಮೇಲೆ ಕರುಳನ್ನೂ ಅದರ ಪೊರೆಗಳನ್ನೂ ಬರೆದು ತೋರಿಸುವ ಎರಡು ಗೆರೆ, ಇದು ಯಾವ ಆಸ್ಪತ್ರೆಗೂ ದುಬಾರಿಯಲ್ಲ. ಸಲಹೆ ಕೊಡುವ ನರ್ಸುಗಳು, ಆಶಾ ಕಾರ್ಯಕರ್ತೆಯರು ಇದೇ ಪದ ಬಳಸಿದರೆ ಊರಿನಲ್ಲಿಯೂ ಆಸ್ಪತ್ರೆಯಲ್ಲಿಯೂ ಒಂದೇ ಮಾತು ನಡೆಯುತ್ತದೆ.

ಕುಟುಂಬದವರೂ ಈ ಪದವನ್ನು ಹಿಡಿದು ಕೇಳಬಹುದು. ಗಡ್ಡೆ ಕರುಳಿನ ಯಾವ ಪೊರೆಯವರೆಗೆ ಬಂದಿದೆ? ಹೊರಪೊರೆಯನ್ನು ದಾಟಿದೆಯೇ? ಹೊಟ್ಟೆಯ ಒಳಪೊರೆಯಲ್ಲಿ ಗಂಟುಗಳಿವೆಯೇ, ಇದ್ದರೆ ತೆಗೆಯಬಹುದಾದಷ್ಟೇ ಇವೆಯೇ? ನೀರು ತೆಗೆಯುವುದು ನೆಮ್ಮದಿಗೋ, ಚಿಕಿತ್ಸೆಗೋ? ವಾಸಿಯಾಗದಿದ್ದರೆ ನೋವಿಲ್ಲದೆ ಇರಲು ಏನು ಮಾಡಬಹುದು? ಈ ಐದು ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಪಡೆಯುವುದು ರೋಗಿಯ ಹಕ್ಕು. ಉತ್ತರಿಸುವುದು ಪೊರೆಯುವವರ ಕೆಲಸ.